ಸ್ವರಾಜ್ ದ್ವೀಪದಲ್ಲಿ ಎರಡು ರಾತ್ರಿ

ಕಡಲ ದಂಡೆಯಲ್ಲಿ ಹುಟ್ಟಿ ಬೆಳೆದವರು ಕೈಯಿಂದ ಹಣ ಹಾಕಿ ಕಡಲು ನೋಡಲು ಹೋಗುತ್ತಾರೆಂದರೆ ಯಾರಿಗಾದರೂ ನಗು ಬರುವುದು ಸಹಜವೇ. ನಮ್ಮ ಸಂಘದ ಮಿತ್ರರೂ ನಕ್ಕರು. “ಹೊನ್ನಾವರದವರಿಗೆ ಅಂಡಮಾನಿನಲ್ಲೇನು ಕೆಲಸ ಮಾರಾಯರೆ? ಅಲ್ಲಿಯ ನೀರೂ ಉಪ್ಪೇ, ಇಲ್ಲಿಯ ನೀರೂ ಉಪ್ಪೇ” ಎಂದರು ಒಬ್ಬರು. ಇನ್ನೊಬ್ಬರು, “ಅದೂ ಸಾಧಾರಣ ಲಾಡ್ಜಿನಲ್ಲಲ್ಲ, ಒಂದೊಂದು ರಾತ್ರಿಗೆ ಹತ್ತಾರು ಸಾವಿರ ತೆಗೆದುಕೊಳ್ಳುವ ವಿಹಾರಧಾಮದಲ್ಲಿ! ಎಂಟನೆಯ ವೇತನ ಆಯೋಗದ ಸುದ್ದಿ ಬಂದದ್ದೇ ತಡ, ಗುಮಾಸ್ತರಿಗೆ ಹಣವೂ ಬಂದುಬಿಟ್ಟಿತೇ?” ಎಂದು ಕೇಳಿದರು. ಇಬ್ಬರಿಗೂ ಅಲ್ಲಿ ಉತ್ತರ ಕೊಡಲಿಲ್ಲ. ಪ್ರವಾಸದ ಬಗ್ಗೆ ನಾಲ್ಕು ಪುಟ ಬರೆದುಕೊಡಿ ಎಂದು ಸಂಪಾದಕರು ಕೇಳಿದ್ದಾರಾಗಿ ಇಲ್ಲಿ ಹೇಳುತ್ತೇವೆ.

ಕೇಂದ್ರ ಸರಕಾರದ ನೌಕರರಾದ ಓದುಗರಿಗೆ ಮುಂದಿನ ಸಂಗತಿ ಗೊತ್ತಿರುವುದೇ. ಉಳಿದವರಿಗಾಗಿ ಒಂದು ಮಾತು. ನಮ್ಮ ಸೇವಾ ಪುಸ್ತಕದಲ್ಲಿ ‘ಸ್ವಂತ ಊರು’ ಎಂಬ ಒಂದು ಕಲಮು ಇರುತ್ತದೆ. ಕೆಲಸಕ್ಕೆ ಸೇರಿದಾಗ ಅಲ್ಲಿ ಒಂದು ಊರಿನ ಹೆಸರು ಬರೆಯಬೇಕು. ಬರೆದ ಮೇಲೆ ಇಡೀ ಸರ್ವಿಸಿನಲ್ಲಿ ಒಂದೇ ಒಂದು ಸಲ ಅದನ್ನು ಬದಲಾಯಿಸಬಹುದು. ಎರಡು ವರ್ಷಕ್ಕೊಮ್ಮೆ ಆ ಊರಿಗೆ ಹೋಗಿಬರುವ ಖರ್ಚನ್ನು ಸರಕಾರ ಕೊಡುತ್ತದೆ, ಇದೇ ಎಲ್.ಟಿ.ಸಿ. ನಾವು ‘ಕಾಸರಕೋಡು, ಹೊನ್ನಾವರ ತಾಲ್ಲೂಕು’ ಎಂದು ಬರೆದವರು. ಮದುವೆಯಾಗಿ ಹದಿನೆಂಟು ವರ್ಷವಾಯಿತು. ಅಷ್ಟೂ ವರ್ಷ ಎರಡು ವರ್ಷಕ್ಕೊಮ್ಮೆ ಕೊಂಕಣ ರೈಲು ಹತ್ತಿ, ಟ್ರಂಕಿನಷ್ಟು ಭಾರದ ಚೀಲಗಳನ್ನು ಇಳಿಸಿಕೊಂಡು, ಹದಿನೈದು ದಿನ ಊರಿನಲ್ಲಿದ್ದು ಬಂದಿದ್ದೇವೆ. ನಾಲ್ಕು ವರ್ಷಕ್ಕೊಮ್ಮೆ ಭಾರತದ ಯಾವ ಮೂಲೆಗಾದರೂ ಹೋಗಬಹುದೆಂಬ ಸವಲತ್ತೂ ಉಂಟು. ಅದನ್ನು ಬಳಸಲಿಲ್ಲ. ಊರಿನಲ್ಲಿ ಆಯಿ ಒಬ್ಬಳೇ ಇದ್ದಳು.

ಆ ಹದಿನೈದು ದಿನ ನಮ್ಮ ಪಾಲಿಗೆ ರಜೆ. ನಮ್ಮ ಶ್ರೀಮತಿಯವರ ಪಾಲಿಗೆ ಅದು ಸೌದೆ ಒಲೆ, ಬಾವಿಯ ನೀರು, ಬಂದುಹೋಗುವ ನೆಂಟರು, ಮಳೆಗಾಲಕ್ಕೆ ಹಪ್ಪಳ ಸಂಡಿಗೆ. ಅತ್ತೆ ಸೊಸೆಯರ ನಡುವೆ ಜಗಳವಿರಲಿಲ್ಲ, ಬಹಳ ಮಾತೂ ಇರಲಿಲ್ಲ, ಕೆಲಸವಿತ್ತು.

2023ರ ಮಳೆಗಾಲದಲ್ಲಿ ಆಯಿ ತೀರಿಕೊಂಡಳು. ಶರಾವತಿ ಕಡಲು ಸೇರುವಲ್ಲಿ ಅಸ್ಥಿ ಬಿಟ್ಟು ಬಂದೆವು. ಅಣ್ಣ ಹುಬ್ಬಳ್ಳಿಯಲ್ಲಿ ನೆಲೆಸಿದವನು. ಮನೆ ನೋಡಿಕೊಳ್ಳುವವರಿಲ್ಲವೆಂದು ಇಬ್ಬರೂ ಒಪ್ಪಿಯೇ ಅದನ್ನು ಮಾರಿದೆವು. ಕಪಾಟು ಖಾಲಿ ಮಾಡುವಾಗ ಆಯಿಯ ಅಂಚೆ ಕಚೇರಿಯ ಪಾಸ್‌ಬುಕ್ಕು ಸಿಕ್ಕಿತು. ತೋಟದ ಕಾಯಿ ಮಾರಿದ್ದು, ನಾವು ಕಳಿಸಿದ್ದರಲ್ಲಿ ಉಳಿಸಿದ್ದು, ಎಲ್ಲ ಸೇರಿ ಎಂಬತ್ತೆರಡು ಸಾವಿರದ ಚಿಲ್ಲರೆ ಇತ್ತು. ನಾಮಿನಿಯ ಹೆಸರು ನೋಡಿದರೆ ಅಣ್ಣನದೂ ಅಲ್ಲ, ನಮ್ಮದೂ ಅಲ್ಲ. ನಮ್ಮ ಶ್ರೀಮತಿಯವರದು.

ನಾವು ಪಿಂಚಣಿ ವಿಭಾಗದಲ್ಲಿ ಕೂತು ಕೂದಲು ಬೆಳ್ಳಗೆ ಮಾಡಿಕೊಂಡವರು. ನಾಮಿನಿಯೆಂದರೆ ಹಣ ಪಡೆಯುವ ವಿಶ್ವಸ್ತ ಮಾತ್ರ, ವಾರಸುದಾರರ ಹಕ್ಕು ಬೇರೆ ಎಂದು ಎಷ್ಟೋ ಜನರಿಗೆ ತಿಳಿಸಿ ಹೇಳಿದ್ದೇವೆ. ಈ ಮಾತನ್ನು ನಾವು ತೆಗೆಯುವ ಮೊದಲೇ ಆಕೆ ಅರ್ಧ ಹಣ ಭಾವನವರಿಗೆ ಕೊಡಿ ಎಂದಳು. ಅಣ್ಣ, “ಆಯಿ ಬರೆಸಿದ್ದು ಬರೆಸಿದ್ದೇ. ಅವಳೇ ಇಟ್ಟುಕೊಳ್ಳಲಿ” ಎಂದು ಚಹಾದ ಲೋಟ ಕೆಳಗಿಟ್ಟ. ಅಲ್ಲಿಗೆ ಮುಗಿಯಿತು. ಒಂದೂವರೆ ವರ್ಷ ಆ ಹಣ ಹಾಗೆಯೇ ಇತ್ತು. ಫ್ರಿಜ್ಜು ಹಾಳಾಯಿತು, ಮಗಳ ಹನ್ನೆರಡನೆಯ ತರಗತಿಯ ಕ್ಲಾಸಿನ ಶುಲ್ಕ ಬಂತು. ಎರಡಕ್ಕೂ ಬೇರೆ ಕಡೆಯಿಂದಲೇ ಹೊಂದಿಸಿಕೊಂಡೆವು. “ಅದನ್ನ ಮಾತ್ರ ಮುಟ್ಟಬೇಡಿ” ಎಂದಿದ್ದಳು.

ಹಾಗಿರುವಾಗ ಒಂದು ದಿನ ಕಚೇರಿಯಲ್ಲಿ ಆ ವರ್ಷದ ಎಲ್.ಟಿ.ಸಿ. ಬಳಸುವುದಿದ್ದರೆ ಅರ್ಜಿ ಕೊಡಿ ಎಂಬ ಸುತ್ತೋಲೆ ಬಂತು. ಸ್ವಂತ ಊರಿಗೆ ಹೋಗುವುದರ ಬದಲಿಗೆ ಅಂಡಮಾನಿಗೆ ಹೋಗಬಹುದೆಂಬ ರಿಯಾಯಿತಿ ಕೆಲವು ವರ್ಷಗಳಿಂದ ಇದೆ. ವಿಮಾನದ ಅರ್ಹತೆಯಿಲ್ಲದ ನಮ್ಮಂಥವರಿಗೂ ಚೆನ್ನೈ, ಕೋಲ್ಕತ್ತ ಅಥವಾ ವಿಶಾಖಪಟ್ಟಣದಿಂದ ಆಚೆಗೆ ವಿಮಾನದ ಟಿಕೆಟ್ಟು ಸಿಗುತ್ತದೆ. ಸುತ್ತೋಲೆಯಲ್ಲಿ ಇದ್ದ ಶಬ್ದ ‘ಸ್ವಂತ ಊರಿನ ಪರಿವರ್ತನೆ’. ಮನೆಗೆ ಬಂದು ಇದನ್ನು ಹೇಳಿದಾಗ ಆಕೆ ಚಪಾತಿ ಲಟ್ಟಿಸುತ್ತಿದ್ದಳು. ಲಟ್ಟಣಿಗೆ ನಿಲ್ಲಿಸಿ, “ಹೋಗುವಾ. ಸರಕಾರ ಟಿಕೆಟ್ಟು ಕೊಡ್ತದೆ, ಉಳಿಯೂದು ನನ್ನ ಖರ್ಚು. ಚಿಲ್ಲರೆ ಲಾಡ್ಜು ಬೇಡ. ಚೆನ್ನಾಗಿರೂ ಜಾಗ, ಸಮುದ್ರದ ಎದುರಿಗೇ” ಎಂದಳು. ಇಷ್ಟು ಮಾತು ಒಟ್ಟಿಗೆ ಕೇಳಿ ಅಭ್ಯಾಸವಿಲ್ಲದ ನಾವು ಮರುದಿನವೇ ಅರ್ಜಿ ಹಾಕಿದೆವು.

ಮಗಳು ಪರೀಕ್ಷೆಯ ನೆಪದಿಂದ ಡೊಂಬಿವಲಿಯ ಚಿಕ್ಕಮ್ಮನ ಮನೆಯಲ್ಲಿ ಉಳಿದಳು. 2025ರ ಜನವರಿಯಲ್ಲಿ ನಾವಿಬ್ಬರೇ ಹೊರಟೆವು. ಮುಂಬಯಿಯಿಂದ ಚೆನ್ನೈವರೆಗೆ ರೈಲು, ಅಲ್ಲಿಂದ ಎರಡು ತಾಸಿನ ಚಿಲ್ಲರೆ ವಿಮಾನ. ಪೋರ್ಟ್ ಬ್ಲೇರಿನ ಹೆಸರು 2024ರ ಸೆಪ್ಟೆಂಬರಿನಿಂದ ಶ್ರೀ ವಿಜಯ ಪುರಂ. ರಿಕ್ಷಾದವರ ಬಾಯಲ್ಲಿ ಇನ್ನೂ ಪೋರ್ಟ್ ಬ್ಲೇರೇ. 1896ರಿಂದ 1906ರವರೆಗೆ ಕಟ್ಟಿದ ಸೆಲ್ಯುಲರ್ ಜೈಲನ್ನು ನೋಡಿದೆವು. ಏಳು ತೋಳುಗಳಲ್ಲಿ ಮೂರು ಮಾತ್ರ ಉಳಿದಿವೆ. ಅದರ ಬಗ್ಗೆ ನಮಗಿಂತ ಬಲ್ಲವರು ಬರೆದಿದ್ದಾರೆ. ನಾವು ಮುಂದೆ ಹೋಗುತ್ತೇವೆ.

ಮರುದಿನ ದೋಣಿ. ದೋಣಿಯೆಂದರೆ ಹವಾನಿಯಂತ್ರಿತ ಹಡಗೇ ಸರಿ; ಎರಡು ತಾಸಿನೊಳಗೆ ಹ್ಯಾವ್‌ಲಾಕ್ ಮುಟ್ಟಿಸಿತು. ಈ ದ್ವೀಪಕ್ಕೂ 2018ರ ಡಿಸೆಂಬರಿನಲ್ಲಿ ಸ್ವರಾಜ್ ದ್ವೀಪವೆಂದು ಹೆಸರಾಯಿತು. ಅದಕ್ಕೆ ಮುಂಚಿನ ಹೆಸರು 1857ರಲ್ಲಿ ಲಖ್ನೋದಲ್ಲಿ ತೀರಿಕೊಂಡ ಆಂಗ್ಲ ಸೇನಾಪತಿಯದು. ಆದರೆ ಒಳಗಿನ ಹಳ್ಳಿಗಳ ಹೆಸರು ಕೇಳಿ ನಾವು ಬೆರಗಾದೆವು: ಗೋವಿಂದನಗರ, ಕೃಷ್ಣನಗರ, ಶ್ಯಾಮನಗರ, ರಾಧಾನಗರ. ಒಂದು ವಿಜಯನಗರವೂ ಇದೆ. ಕನ್ನಡಿಗರು ಹಿಗ್ಗಬೇಕಾಗಿಲ್ಲ, ಅದಕ್ಕೂ ಹಂಪೆಗೂ ಸಂಬಂಧವಿಲ್ಲ. ದೇಶ ಇಬ್ಭಾಗವಾದ ಮೇಲೆ ಪೂರ್ವ ಬಂಗಾಳದಲ್ಲಿ ಮನೆಮಠ ಕಳೆದುಕೊಂಡು ಬಂದವರನ್ನು 1950ರ ದಶಕದಲ್ಲಿ ಸರಕಾರ ಹಡಗಿನಲ್ಲಿ ತಂದು ಇಲ್ಲಿ ಇಳಿಸಿತು. ಕಾಡು ಕಡಿದು ಗದ್ದೆ ಮಾಡಿಕೊಂಡವರು ಊರುಗಳಿಗೆ ತಮ್ಮ ದೇವರ ಹೆಸರಿಟ್ಟರು.

ಜೆಟ್ಟಿಯಿಂದ ರಾಧಾನಗರಕ್ಕೆ ಹನ್ನೆರಡು ಕಿಲೋಮೀಟರು. ದಾರಿಯ ಎರಡೂ ಬದಿಗೆ ಅಡಿಕೆ ತೋಟ, ತೆಂಗು, ನಡುವೆ ಬಾಳೆ. ನಮ್ಮಾಕೆಯ ತವರು ಸಿದ್ದಾಪುರದ ಕಡೆ, ತೋಟದ ಮನೆ. ಗಾಡಿಯಿಂದ ತಲೆ ಹೊರಹಾಕಿ, “ಸೋಗೆ ಎಲ್ಲ ಹಾಗೇ ಬಿದ್ದಿದೆ, ಎತ್ತೂವವರಿಲ್ಲ” ಎಂದು ಪರರ ತೋಟದ ಚಿಂತೆ ಹಚ್ಚಿಕೊಂಡಳು. ನಕಾಶೆಯ ಮೇಲೆ ಚಾಮರಾಜನಗರ-ನಂಜನಗೂಡುಗಳ ಮಟ್ಟದಿಂದ ಪೂರ್ವಕ್ಕೆ ಗೆರೆ ಎಳೆದರೆ ಹೆಚ್ಚುಕಡಿಮೆ ಈ ದ್ವೀಪಕ್ಕೇ ಬಂದು ಮುಟ್ಟುತ್ತದೆ. ಹಾಗಾಗಿ ಅಡಿಕೆ ಬೆಳೆಯುವುದರಲ್ಲಿ ಆಶ್ಚರ್ಯವಿಲ್ಲ.

ವಿಹಾರಧಾಮದ ಹೆಸರು ಇಲ್ಲಿ ಬೇಡ. ರಾಧಾನಗರದ ಕಡಲ ಹಿಂದಿನ ಕಾಡಿನಲ್ಲಿ ಅಂಥವು ಕೆಲವಿವೆ. ಒಳಗೆ ಕಾಲಿಟ್ಟೊಡನೆ ಒಬ್ಬ ಹುಡುಗಿ ತಣ್ಣಗಿನ ಒದ್ದೆ ಬಟ್ಟೆ ಕೊಟ್ಟಳು, ಇನ್ನೊಬ್ಬಳು ಎಳನೀರು. ಮೂರನೆಯವನು ಬಂದು ನಮ್ಮ ಚೀಲಕ್ಕೆ ಕೈಹಾಕಿದ. ನಾವು ಬಿಡಲಿಲ್ಲ, ಅವನೂ ಬಿಡಲಿಲ್ಲ. ಸ್ವಲ್ಪ ಹೊತ್ತು ಎಳೆದಾಟವಾಯಿತು. ಮುಂಬಯಿಯ ನಿಲ್ದಾಣಗಳಲ್ಲಿ ಇಪ್ಪತ್ತು ವರ್ಷ ಬಾಳಿದ ಕೈಗೆ ಚೀಲ ಸಡಿಲಿಸುವುದು ಬರುವುದಿಲ್ಲ. ಎಲ್ಲರೂ ನಮ್ಮನ್ನು ‘ಸರ್’ ಎನ್ನುತ್ತಿದ್ದರು. ಕಚೇರಿಯಲ್ಲಿ ನಮ್ಮನ್ನು ಸರ್ ಎನ್ನುವವರು ನವೆಂಬರಿನಲ್ಲಿ ಜೀವಂತ ಪ್ರಮಾಣಪತ್ರ ಹಿಡಿದುಕೊಂಡು ಬರುವ ಮುದುಕರು ಮಾತ್ರ. ಅವರನ್ನು ಕಂಡರೆ ನಾವೇ ಎದ್ದು ನಿಲ್ಲುತ್ತೇವೆ.

ಕುಟೀರ ಮರದ್ದು, ಕಂಬಗಳ ಮೇಲೆ ನಿಂತದ್ದು, ಹುಲ್ಲಿನ ಮಾಡು. ಒಳಗೆ ನೋಡಿದರೆ ನಮ್ಮ ಆಂಟಾಪ್ ಹಿಲ್ ಕ್ವಾರ್ಟರ್ಸಿನ ಮೂರು ಕೋಣೆಯನ್ನೂ ಕೂಡಿಸಿದರೆ ಆಗುವಷ್ಟು ಒಂದೇ ಕೋಣೆ. ಸುತ್ತ ಎತ್ತರದ ಮರಗಳು. ಪಕ್ಕದ ಕುಟೀರ ಎಲ್ಲಿದೆಯೆಂದು ಹುಡುಕಿದರೂ ಕಾಣುವುದಿಲ್ಲ. ಬಾಗಿಲಿಗೆ ಒಂದು ಮರದ ತುಂಡು ನೇತುಹಾಕಿದರೆ ನಾವು ತೆಗೆಯುವವರೆಗೆ ಯಾರೂ ಬರುವುದಿಲ್ಲ ಎಂದರು. ಇಲ್ಲಿ ಜನ ಹಣ ಕೊಡುವುದು ಮುಖ್ಯವಾಗಿ ಇದಕ್ಕೇ ಎಂದು ಆಮೇಲೆ ತಿಳಿಯಿತು: ಬೇರೆ ಯಾರೂ ಕಣ್ಣಿಗೆ ಬೀಳಬಾರದು. ನಮ್ಮ ಕ್ವಾರ್ಟರ್ಸಿನಲ್ಲಿ ಮೇಲಿನ ಮನೆಯ ಕುಕ್ಕರು ಎಷ್ಟು ಸೀಟಿ ಹೊಡೆಯಿತೆಂದು ಕೆಳಗಿನವರು ಲೆಕ್ಕ ಇಡುತ್ತಾರೆ. ಇಲ್ಲಿ ರಾತ್ರಿಯಾದರೆ ಹುಳಗಳ ಸದ್ದು, ಅದರ ಹಿಂದೆ ಕಡಲು. ಮೊದಲ ರಾತ್ರಿ ನಿದ್ದೆಯೇ ಬರಲಿಲ್ಲ. ಬಂದ ಮೇಲೆ ನಾಲ್ಕೂವರೆಗೆ ಆಕೆ ದಡಕ್ಕನೆ ಎದ್ದು ಕೂತಳು. “ಏನಾಯಿತು?” ಎಂದರೆ, “ನೀರು ಬರೂ ಹೊತ್ತಾಯ್ತು!” ಬಚ್ಚಲಲ್ಲಿ ಬಿಸಿನೀರು ತಣ್ಣೀರು ಎರಡೂ ಇಪ್ಪತ್ನಾಲ್ಕು ತಾಸು ಬರುತ್ತಿತ್ತು. ಹಾಗಿದ್ದೂ ಎದ್ದವಳು ಹೋಗಿ ನಲ್ಲಿ ತಿರುಗಿಸಿ ನೋಡಿಯೇ ಬಂದಳು.

ಬೆಳಗ್ಗೆ ಕೋಣೆ ಒಪ್ಪ ಮಾಡಲು ಹುಡುಗ ಬರುವುದರೊಳಗೆ ಹಾಸಿಗೆ ಮಡಿಸಿ, ಟವಲು ಹಿಂಡಿ ಒಣಹಾಕಿ, ನೆಲವನ್ನೂ ಒರಸಲು ಬಟ್ಟೆ ಹುಡುಕುತ್ತಿದ್ದಳು. ಆ ಹುಡುಗನ ಮುಖ ಸಣ್ಣದಾಯಿತು. “ಮೇಡಂ, ನೀವು ಮಾಡಿದರೆ ನಾನೇನು ಮಾಡಲಿ?” ಎಂದ. ಈ ಪ್ರಶ್ನೆಗೆ ಆಕೆಯಲ್ಲಿ ಉತ್ತರವಿರಲಿಲ್ಲ. ಮರುದಿನ ಕಷ್ಟಪಟ್ಟು ಸುಮ್ಮನೆ ಕೂತಿದ್ದಳು. ಅವನು ಹೊದಿಕೆಯ ಮೂಲೆ ಮಡಿಸುವ ರೀತಿಯನ್ನು ಮಾತ್ರ ಬಿಟ್ಟಕಣ್ಣಿನಿಂದ ನೋಡಿ ಕಲಿತುಕೊಂಡಳು.

ಊಟದ ಬಗ್ಗೆ ಹೆಚ್ಚು ಹೇಳುವುದಿಲ್ಲ. ಹೇಳಿದರೆ ಬಾಯಿಗೂ ಬೆಲೆಗೂ ಒಟ್ಟಿಗೆ ಅನ್ಯಾಯವಾಗುತ್ತದೆ. ದ್ವೀಪದಲ್ಲಿ ತೆಂಗು, ಬಾಳೆ, ಕೆಲವು ತರಕಾರಿ ಬಿಟ್ಟರೆ ಬಹುಪಾಲು ಎಲ್ಲವೂ ಹಡಗಿನಲ್ಲಿ ಬರಬೇಕು. ಮುಖ್ಯ ನೆಲದಿಂದ ಸರಕು ಬರಲು ದಿನಗಟ್ಟಲೆ ಹಿಡಿಯುತ್ತದೆ. ಇದನ್ನು ತಿಳಿದ ಮೇಲೆ ಆಕೆ ತಟ್ಟೆಯಲ್ಲಿ ಒಂದು ಅಗುಳು ಬಿಡಲಿಲ್ಲ, ನಮಗೂ ಬಿಡಗೊಡಲಿಲ್ಲ.

ಇನ್ನು ಕಡಲು. ರಾಧಾನಗರದ ದಂಡೆಯನ್ನು 2004ರಲ್ಲಿ ‘ಟೈಮ್’ ಪತ್ರಿಕೆ ಏಷ್ಯದಲ್ಲೇ ಉತ್ತಮವೆಂದು ಹೊಗಳಿತ್ತು. ಮರಗಳ ಸಾಲು ಮುಗಿದಲ್ಲಿ ಒಮ್ಮೆಗೇ ಬಿಳಿ ಮರಳು, ಅದರಾಚೆ ನೀರು ಮೊದಲು ತಿಳಿಹಸಿರು, ಮುಂದೆ ನೀಲಿ. ನಮ್ಮ ಕಾಸರಕೋಡಿನ ಮರಳು ಕಂದು. ಘಟ್ಟದ ಕಲ್ಲು ಸವೆದು ಶರಾವತಿಯಲ್ಲಿ ಹರಿದು ಬಂದದ್ದು. ಇಲ್ಲಿಯದು ಹವಳ, ಚಿಪ್ಪು ಪುಡಿಯಾದದ್ದು. ಹವಳವನ್ನು ಕಚ್ಚಿ ಅರೆದು ಮರಳು ಮಾಡಿ ಹೊರಹಾಕುವ ಗಿಳಿಮೀನುಗಳೂ ಈ ಕಾರ್ಖಾನೆಯ ಕೆಲಸಗಾರರು. ಬಿ.ಎಸ್‌ಸಿ. ಓದಿದ್ದು ಗುಮಾಸ್ತಿಕೆಗೆ ಉಪಯೋಗ ಬಿದ್ದದ್ದಿಲ್ಲ, ಇಲ್ಲಿ ಬಿತ್ತು. ತಿಂಡಿಯ ತಟ್ಟೆಯಿಂದ ನಿಂಬೆಹೋಳು ತಂದು ಒಂದು ಚಿಟಿಕೆ ಮರಳಿನ ಮೇಲೆ ಹಿಂಡಿದೆವು. ಸಣ್ಣಗೆ ಗುಳ್ಳೆ ಎದ್ದಿತು. ಕ್ಯಾಲ್ಸಿಯಂ ಕಾರ್ಬೊನೇಟಿಗೆ ಆಮ್ಲ ಬಿದ್ದರೆ ಇಂಗಾಲದ ಡೈಆಕ್ಸೈಡ್ ಬರಲೇಬೇಕು. “ಸುಣ್ಣವೇ ಅಂತಾಯ್ತು” ಎಂದಳು ಆಕೆ. ಸರಿಯಾಗಿಯೇ ಹೇಳಿದಳು; ಎಲೆಯಡಿಕೆಯ ಸುಣ್ಣಕ್ಕೂ ಚಿಪ್ಪನ್ನೇ ಸುಡುತ್ತಾರೆ. ಇಲ್ಲಿಂದ ಚಿಪ್ಪು, ಹವಳ ಒಯ್ಯಕೂಡದೆಂದು ಎಲ್ಲ ಕಡೆ ಬರೆದು ಹಾಕಿದ್ದಾರೆ. ಪ್ರಯೋಗದ ಮರಳನ್ನು ಅಲ್ಲೇ ಉದುರಿಸಿ ಬಂದೆವು.

ನೀರಿಗಿಳಿಯಲು ಬಲೆ ಕಟ್ಟಿದ ಒಂದು ಜಾಗವಿದೆ. ಉಪ್ಪುನೀರಿನ ಮೊಸಳೆಯ ಎಚ್ಚರಿಕೆಯ ಫಲಕವೂ ಇದೆ. 2010ರಲ್ಲಿ ಇದೇ ದಂಡೆಯ ಒಂದು ತುದಿಯಲ್ಲಿ ವಿದೇಶೀ ಪ್ರವಾಸಿಯೊಬ್ಬರು ಮೊಸಳೆಗೆ ಬಲಿಯಾಗಿದ್ದರು. ನಾವು ಮೊಳಕಾಲಿನವರೆಗೆ ಇಳಿದು ಮರ್ಯಾದೆಯಾಗಿ ಹಿಂದೆ ಬಂದೆವು. ಒಂದು ಕಾಲಕ್ಕೆ ಇಲ್ಲಿ ಮನುಷ್ಯರಿಗಿಂತ ಚೆನ್ನಾಗಿ ಈಜುತ್ತಿದ್ದದ್ದು ಆನೆ. ನಾಟಾ ಎಳೆಯಲು ತಂದ ಆನೆಗಳು ದ್ವೀಪದಿಂದ ದ್ವೀಪಕ್ಕೆ ಈಜಿಕೊಂಡೇ ಹೋಗುತ್ತಿದ್ದವು. 2002ರಲ್ಲಿ ಸುಪ್ರೀಂ ಕೋರ್ಟು ಮರ ಕಡಿಯುವುದಕ್ಕೆ ತಡೆ ಹಾಕಿದ ಮೇಲೆ ಅವುಗಳ ಕೆಲಸ ಹೋಯಿತು. ಅವುಗಳಲ್ಲಿ ರಾಜನ್ ಎಂಬ ಆನೆ ಇದೇ ದ್ವೀಪದಲ್ಲಿ ಉಳಿದು, 2006ರ ‘ದಿ ಫಾಲ್’ ಚಲನಚಿತ್ರದಲ್ಲಿ ಈಜಿ, 2016ರಲ್ಲಿ ತನ್ನ ಅರವತ್ತಾರನೆಯ ವಯಸ್ಸಿನಲ್ಲಿ ತೀರಿಕೊಂಡಿತು. ಪಿಂಚಣಿ ವಿಭಾಗದವರಾದ ನಮಗೆ ಆ ಲೆಕ್ಕ ತೃಪ್ತಿಕರವಾಗಿ ಕಂಡಿತು.

ಸಂಜೆ ಕುರ್ಚಿ ಹಾಕಿಕೊಟ್ಟರು. ಎರಡೇ ಕುರ್ಚಿ, ಕಡಲಿನ ಕಡೆಗೆ ಮುಖ. ಮುಂಬಯಿಗೂ ಇಲ್ಲಿಗೂ ರೇಖಾಂಶದಲ್ಲಿ ಇಪ್ಪತ್ತು ಡಿಗ್ರಿ ಅಂತರ. ಡಿಗ್ರಿಗೆ ನಾಲ್ಕು ನಿಮಿಷದಂತೆ ಸೂರ್ಯ ಎಂಬತ್ತು ನಿಮಿಷ ಮುಂದೆ. ಗಡಿಯಾರ ಮಾತ್ರ ಎರಡೂ ಕಡೆ ಒಂದೇ. ಹಾಗಾಗಿ ಕಚೇರಿಯಲ್ಲಿ ಇನ್ನೂ ಕಡತ ಕಟ್ಟಿರದ ಹೊತ್ತಿಗೆ, ಐದೂವರೆಗೆ, ಇಲ್ಲಿ ಸೂರ್ಯ ಮುಳುಗಿಬಿಟ್ಟ. ಈ ಲೆಕ್ಕವನ್ನು ನಾವು ವಿವರಿಸುತ್ತಿದ್ದಂತೆ ಆಕೆ ನಡುವೆಯೇ ಕೇಳಿದಳು: “ರೀ, ಆಯಿ ಹೀಗೆ ಸಮುದ್ರಕ್ಕೆ ಮುಖ ಮಾಡಿ ಕೂತದ್ದು ಯಾವತ್ತಾದರೂ ನೋಡಿದ್ದೀರಾ?”

ಯೋಚಿಸಿದೆವು. ನಮ್ಮ ಮನೆಯಿಂದ ಕಡಲಿಗೆ ಎರಡು ಫರ್ಲಾಂಗು. ಆಯಿ ದಿನವೂ ಬೇಲೆಗೆ ಹೋಗುತ್ತಿದ್ದಳು. ಗಾಳಿಮರಗಳ ಕೆಳಗೆ ಬಿದ್ದ ದರಕು ಗುಡಿಸಿ, ಹೆಡಿಗೆಯಲ್ಲಿ ತುಂಬಿ, ತಲೆಯ ಮೇಲೆ ಹೊತ್ತು ತರುತ್ತಿದ್ದಳು. ಬಚ್ಚಲ ಒಲೆಗೆ ಬೇಕಲ್ಲ. ಪಾತ್ರೆ ತಿಕ್ಕಲು ಮರಳು ತರುತ್ತಿದ್ದಳು. ಮೇ ತಿಂಗಳ ಕೊನೆಯಲ್ಲಿ ಅಂಗಳದಲ್ಲಿ ಹಪ್ಪಳವೋ ಅಡಿಕೆಯೋ ಒಣಗಲು ಹಾಕಿದ್ದಾಗ ನಡುನಡುವೆ ಬೇಲೆಯವರೆಗೆ ಹೋಗಿ, ಹಣೆಗೆ ಕೈ ಅಡ್ಡ ಹಿಡಿದು, ಪಡುವಣದಲ್ಲಿ ಮೋಡ ಎದ್ದಿದೆಯೇ ಎಂದು ನೋಡಿ ತಿರುಗುತ್ತಿದ್ದಳು. ನಿಂತದ್ದುಂಟು. ಕೂತದ್ದಿಲ್ಲ. ಹಾಗೆಂದೇ ಹೇಳಿದೆವು.

ಒಂದು ಸಂಗತಿ ಇಲ್ಲಿ ಹೇಳಬೇಕು. 2020ರಲ್ಲಿ ಭಾರತದ ಎಂಟು ಕಡಲ ದಂಡೆಗಳಿಗೆ ಮೊದಲ ಸಲ ‘ಬ್ಲೂ ಫ್ಲ್ಯಾಗ್’ ಎಂಬ ಅಂತರರಾಷ್ಟ್ರೀಯ ಮಾನ್ಯತೆ ಸಿಕ್ಕಿತು. ಅದರಲ್ಲಿ ಈ ರಾಧಾನಗರವೂ ಒಂದು, ನಮ್ಮ ಕಾಸರಕೋಡೂ ಒಂದು, ಪಡುಬಿದ್ರಿಯೂ ಇದೆ. ಆಯಿಯ ತಿಥಿಗೆ ಹೋದಾಗ ನೋಡಿದೆವು. ಆಯಿ ದರಕು ಗುಡಿಸುತ್ತಿದ್ದ ಸುತ್ತಿನಲ್ಲೇ ನೆರಳಿನ ಕೊಡೆಗಳು, ಒರಗುವ ಕುರ್ಚಿಗಳು, ಬಟ್ಟೆ ಬದಲಿಸುವ ಕೋಣೆಗಳು. ದೂರದ ಊರಿನವರು ಬಂದು ಕಾಲು ಚಾಚಿ ಕೂತಿದ್ದರು. ನಾವು ಒದ್ದೆ ಪಂಚೆಯಲ್ಲಿ ಅವರನ್ನು ದಾಟಿಕೊಂಡು ಹೋದೆವು.

ಮರುದಿನ ಬೆಳಗ್ಗೆ ನಮ್ಮಾಕೆಗೆ ಜೊತೆ ಸಿಕ್ಕಿತು. ವಿಹಾರಧಾಮದ ತೋಟ ನೋಡಿಕೊಳ್ಳುವಾತ, ಐವತ್ತರ ಆಸುಪಾಸು, ಮನೆ ಶ್ಯಾಮನಗರ. ಅಜ್ಜ ಬರಿಸಾಲಿನ ಕಡೆಯಿಂದ ಬಂದವನಂತೆ. ಇಬ್ಬರ ಹಿಂದಿಯೂ ಅಷ್ಟಕ್ಕಷ್ಟೇ. ಆದರೆ ಅಡಿಕೆಯ ವಿಷಯಕ್ಕೆ ಭಾಷೆ ಹೆಚ್ಚು ಬೇಕಾಗುವುದಿಲ್ಲ. ಸುಲಿಯುವುದು ಹೇಗೆಂದು ಆತ ಕೈಯಲ್ಲಿ ತೋರಿಸಿದ. ನಮ್ಮ ಕಡೆ ಹಸಿಯದನ್ನು ಸುಲಿದು ಬೇಯಿಸಿ ಕೆಂಪು ಮಾಡುತ್ತಾರೆಂದು ಆಕೆ ತೋರಿಸಿದಳು. ಬೇಯಿಸುತ್ತಾರೆಂಬುದನ್ನು ಆತ ನಂಬಲಿಲ್ಲ. ಇಲ್ಲಿ ಬಿಸಿಲಿನಲ್ಲಿ ಒಣಗಿಸಿದರೆ ಆಯಿತಂತೆ. ದರವೆಷ್ಟು, ಆಳಿನ ಕೂಲಿಯೆಷ್ಟು, ಮಕ್ಕಳು ತೋಟಕ್ಕೆ ಇಳಿಯುತ್ತಾರೆಯೇ ಎಂದು ಮಾತು ಮುಂದುವರಿಯಿತು. ಆತನ ಇಬ್ಬರು ಗಂಡುಮಕ್ಕಳೂ ಪ್ರವಾಸಿಗಳ ದೋಣಿಯ ಕೆಲಸದಲ್ಲಿದ್ದಾರೆ. ತೋಟ ಹೆಂಡತಿ ನೋಡಿಕೊಳ್ಳುತ್ತಾಳೆ.

“ನಿಮ್ಮ ಸ್ವಂತ ಊರು ಯಾವುದು?” ಎಂದು ನಾವು ಅಭ್ಯಾಸಬಲದಿಂದ ಕೇಳಿದೆವು, ಕಲಮು ತುಂಬಿ ತುಂಬಿ ಬಂದ ಅಭ್ಯಾಸ. ಆತನಿಗೆ ಪ್ರಶ್ನೆಯೇ ಅರ್ಥವಾಗಲಿಲ್ಲ. “ಇದೇ” ಎಂದ. ಅಜ್ಜನ ಊರಿಗೆ ಹೋಗಿದ್ದೀರಾ ಎಂದರೆ, ಅಪ್ಪನೂ ಹೋಗಿಲ್ಲ ಎಂದ. ಅಜ್ಜ ಮಾತ್ರ ಸಾಯುವವರೆಗೂ ಇಲ್ಲಿಯ ಕಡಲನ್ನು ‘ನದಿ’ ಎನ್ನುತ್ತಿದ್ದನಂತೆ. ಊರಿನಲ್ಲಿ ಆಚೆ ದಡ ಕಾಣದಷ್ಟು ದೊಡ್ಡ ನದಿಯಿತ್ತಂತೆ. ನೀರೆಂದರೆ ಅವನಿಗೆ ಅದೇ. ಇದನ್ನು ಹೇಳಿ ಆತ ನಕ್ಕು ಗುದ್ದಲಿ ಎತ್ತಿಕೊಂಡ.

ಮಧ್ಯಾಹ್ನ ಮಗಳ ಫೋನು ಬಂತು. ಚೆನ್ನೈಯಿಂದ ಸಮುದ್ರದ ತಳದಲ್ಲಿ ಸುಮಾರು 2300 ಕಿಲೋಮೀಟರಿನ ಕೇಬಲ್ ಹಾಕಿ 2020ರ ಆಗಸ್ಟಿನಲ್ಲಿ ಈ ದ್ವೀಪಗಳಿಗೆ ಸಂಪರ್ಕ ಕೊಟ್ಟಿದ್ದಾರೆ. ಅದಿಲ್ಲದಿದ್ದರೆ ಏಕಾಂತ ಇನ್ನೂ ಚೆನ್ನಾಗಿರುತ್ತಿತ್ತು ಎಂಬುದು ನಮ್ಮ ಅಭಿಪ್ರಾಯ, ಮಗಳ ತಾಯಿಯ ಅಭಿಪ್ರಾಯ ಬೇರೆ. “ಏನು ಮಾಡ್ತಿದ್ದೀರಿ?” ಎಂದು ಮಗಳು ಕೇಳಿದಳು. “ಏನೂ ಇಲ್ಲ” ಎಂದಳು ಇವಳು. ಆ ಕಡೆ ಸ್ವಲ್ಪ ಹೊತ್ತು ಮಾತಿಲ್ಲ. “ಹುಷಾರಾಗಿದ್ದೀಯಾ ಅಮ್ಮ?” ಎಂದು ಕೇಳಿತು ಆ ಹುಡುಗಿ.

ಅಂದು ಜನವರಿ 29, ಅಮಾವಾಸ್ಯೆ. ಅಮಾವಾಸ್ಯೆಯ ದಿನ ಪರಸ್ಥಳದಲ್ಲಿ ಇರುತ್ತೀರಲ್ಲ ಎಂದು ಹೊರಡುವ ಮೊದಲು ನೆರೆಯವರು ಆಕ್ಷೇಪಿಸಿದ್ದರು. ರಾತ್ರಿ ಊಟವಾದ ಮೇಲೆ ಕಾವಲುಗಾರನೊಬ್ಬ ದೀಪ ಹಿಡಿದು ದಂಡೆಯವರೆಗೆ ಕರೆದೊಯ್ದು, ದೀಪ ಆರಿಸಿ, ನೀರಿನ ಅಂಚನ್ನು ನೋಡಿ ಎಂದ. ಮೊದಲು ಏನೂ ಕಾಣಲಿಲ್ಲ. ಕಣ್ಣು ಕತ್ತಲೆಗೆ ಹೊಂದಿದ ಮೇಲೆ, ಅಲೆ ಮಗುಚುವಲ್ಲೆಲ್ಲ ನೀಲಿಯ ಕಿಡಿ. ಒದ್ದೆ ಮರಳಿನ ಮೇಲೆ ಕಾಲಿಟ್ಟರೆ ಹೆಜ್ಜೆಯ ಸುತ್ತ ಬೆಳಕು ಮಿಂಚಿ ಆರುತ್ತಿತ್ತು. ಇವು ಒಂದೇ ಜೀವಕೋಶದ ಸೂಕ್ಷ್ಮಜೀವಿಗಳು. ನೀರು ಕದಡಿದರೆ ಇವುಗಳೊಳಗಿನ ಲೂಸಿಫೆರಿನ್ ಎಂಬ ವಸ್ತು ಆಮ್ಲಜನಕದೊಡನೆ ಸೇರಿ ಬೆಳಗುತ್ತದೆ, ಶಾಖವಿರುವುದಿಲ್ಲ. ನಾವು ಇದನ್ನು ಹೇಳಬೇಕೆಂದು ಬಾಯಿ ತೆರೆದೆವು. ಆಕೆ ಬಗ್ಗಿ ಅಂಗೈಯಲ್ಲಿ ನೀರು ತೆಗೆದು ಆಡಿಸುತ್ತಿದ್ದುದನ್ನು ಕಂಡು ಸುಮ್ಮನಾದೆವು.

ಕಾವಲುಗಾರ ದೂರ ಹೋಗಿ ಕೂತ. ಕುರ್ಚಿಯಿರಲಿಲ್ಲ, ಮರಳಿನ ಮೇಲೆಯೇ ಕೂತೆವು. ಆಕೆ ತಾನಾಗಿ ಹೇಳಿದಳು.

“ಆ ವರ್ಷ ಹಪ್ಪಳ ಒಣಗಿಸುವಾಗ ಆಯಿ ಕೇಳಿದರು. ‘ನಿನ್ನನ್ನ ಎರಡು ವರ್ಷಕ್ಕೊಮ್ಮೆ ಇಲ್ಲಿಗೇ ತಂದು ಬಿಡ್ತಾನೆ ತಂಗೀ, ನೀನು ಬೇರೆ ಊರು ನೋಡೂದು ಯಾವಾಗ?’ ಅಂತ. ನಾನು ತಮಾಷೆಗೆ, ‘ನಿಮಗೆ ಎದುರಿಗೇ ಸಮುದ್ರ ಇದೆಯಲ್ಲ ಅತ್ತೆ, ಅದನ್ನಾದರೂ ನೋಡಿದ್ದೀರಾ?’ ಅಂದೆ. ‘ಸಮುದ್ರ ನೋಡೂಕೆ ಪುರಸೊತ್ತು ಬೇಕು’ ಅಂದರು. ಇಬ್ಬರೂ ಎಷ್ಟು ನಕ್ಕಿದ್ದೇವೆ ಅಂದರೆ, ನೀವು ಒಳಗಿನಿಂದ ಏನಾಯ್ತು ಅಂತ ಕೂಗಿದಿರಿ.”

ನಮಗೆ ನೆನಪಿರಲಿಲ್ಲ.

“ಪಾಸ್‌ಬುಕ್ಕಿನಲ್ಲಿ ತಾರೀಖು ನೋಡಿದೆ. ನಾವು ಮುಂಬಯಿಗೆ ಹೊರಟ ಮರುವಾರ ನನ್ನ ಹೆಸರು ಬರೆಸಿದ್ದಾರೆ. ಅಂಚೆ ಕಚೇರಿಗೆ ನಡೆದೇ ಹೋಗಿರಬೇಕು, ಆ ಕಾಲಿನಲ್ಲಿ.”

ಅಲೆ ಬಂದು ಬೆಳಗಿ ಹಿಂದೆ ಹೋಯಿತು. ಅಮಾವಾಸ್ಯೆಯ ಉಬ್ಬರ ದೊಡ್ಡದು. ನೀರು ಬರುಬರುತ್ತಾ ನಮ್ಮ ಕಾಲಿನವರೆಗೆ ಬಂತು. ಎದ್ದು ಹಿಂದೆ ಸರಿದು ಕೂತೆವು. ಇನ್ನೊಮ್ಮೆ ಬಂತು, ಇನ್ನೊಮ್ಮೆ ಸರಿದೆವು. ಕೊನೆಗೆ ಕಾವಲುಗಾರನೇ ಬಂದು, ಸರ್, ಹನ್ನೊಂದಾಯಿತು ಎಂದ.

ಬೆಳಗ್ಗೆ ಲೆಕ್ಕ ಚುಕ್ತಾ ಮಾಡುವಾಗ ಮೇಜಿನ ಹುಡುಗಿ ಬಿಲ್ಲನ್ನು ನಮ್ಮ ಕಡೆಗೆ ಸರಿಸಿದಳು. ನಾವು ಅದನ್ನು ಪಕ್ಕಕ್ಕೆ ಸರಿಸಿದೆವು. ನಮ್ಮಾಕೆ ಕನ್ನಡಕ ಹಾಕಿಕೊಂಡು, ಎಳನೀರಿನಿಂದ ಹಿಡಿದು ತೆರಿಗೆಯವರೆಗೆ ಒಂದೊಂದೇ ಸಾಲಿನ ಮೇಲೆ ಬೆರಳಿಟ್ಟು ಓದಿದಳು; ಬಂದಾಗ ಕೊಟ್ಟ ಎಳನೀರು ಪುಕ್ಕಟೆಯೆಂದು ತಿಳಿದು ಸಮಾಧಾನಪಟ್ಟಳು. ಎಲ್ಲ ಸೇರಿ ಪಾಸ್‌ಬುಕ್ಕಿನ ಮೊತ್ತಕ್ಕಿಂತ ಸಾವಿರದ ಚಿಲ್ಲರೆ ಕಡಿಮೆಯಾಗಿತ್ತು. ಆ ಉಳಿದದ್ದನ್ನು ಹಾಸಿಗೆ ಮಡಿಸಿದ ಹುಡುಗನಿಗೂ ತೋಟದಾತನಿಗೂ ಕೊಟ್ಟಳು. ತೋಟದಾತ ತೆಗೆದುಕೊಳ್ಳಲು ಸಂಕೋಚಪಟ್ಟು, ಆಮೇಲೆ ಓಡಿಹೋಗಿ ಒಣಗಿದ ಎರಡು ಅಡಿಕೆ ತಂದುಕೊಟ್ಟ. ಆಕೆ ಒಂದನ್ನು ಹಲ್ಲಿನಲ್ಲಿ ಕಚ್ಚಿ ನೋಡಿ, ಪರವಾಗಿಲ್ಲ ಎಂದಳು.

“ಬಿಲ್ಲು ಯಾರ ಹೆಸರಿಗೆ ಮಾಡಲಿ?” ಎಂದು ಮೇಜಿನ ಹುಡುಗಿ ಕೇಳಿದಳು. ಆಕೆ ತನ್ನ ಹೆಸರು ಹೇಳಿ, ಹುಡುಗಿ ಬರೆದ ಅಕ್ಷರ ಸರಿಯಿದೆಯೇ ಎಂದು ನೋಡಿ, ಬಿಲ್ಲನ್ನು ನಾಲ್ಕಾಗಿ ಮಡಿಸಿ ಚೀಲದಲ್ಲಿಟ್ಟುಕೊಂಡಳು. ಎಲ್.ಟಿ.ಸಿ. ಕ್ಲೇಮಿಗೆ ವಸತಿಯ ಬಿಲ್ಲು ನಡೆಯುವುದಿಲ್ಲ, ಬೇಕಾಗಿಲ್ಲ ಎಂದು ನಾವು ಹೇಳಿದೆವು. “ಗೊತ್ತಿದೆ” ಎಂದಳು. ಚೀಲ ಎತ್ತಿಕೊಳ್ಳಲು ಹುಡುಗ ಬಂದ. ಈ ಸಲ ಬಿಟ್ಟುಕೊಟ್ಟೆವು.